‘ಪುಟ್ ಔಟ್’ ಎಂದರೆ ಹೊರಹಾಕುವುದು ಮಾತ್ರವೇ?

ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡಕ್ಕೆ ತಂದು ಧರ್ಮಕೇಂದ್ರದ ಪತ್ರಿಕೆಯಲ್ಲಿ ಪ್ರಕಟಿಸುವ ಕಾರ್ಯಕರ್ತರಿಗಾಗಿ ಈ ಟಿಪ್ಪಣಿ. ‘ಪುಟ್’ ಎಂದರೆ ಇಡು, ‘ಔಟ್’ ಎಂದರೆ ಹೊರಗೆ. ಎರಡೂ ಒಂದನೇ ತರಗತಿಯ ಪದಗಳು. ಜೊತೆಗೂಡಿದರೆ ಮಾತ್ರ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಇದು ಇಂಗ್ಲಿಷಿನದೇ ವಿಚಿತ್ರವೆಂದು ನಾವು ನಗಬೇಕಾಗಿಲ್ಲ. ‘ಅವನು ಕೈ ಕೊಟ್ಟ’ ಎಂದರೆ ಕೈ ಕುಲುಕಿದನೇ, ಮೋಸ ಮಾಡಿದನೇ? ಮುಂದಿನ ಮಾತು ಕೇಳದೆ ಹೇಳಲಾಗದು.

ಬೆಂಕಿ, ಮೇಣದಬತ್ತಿಗಳ ಜೊತೆ ‘ಪುಟ್ ಔಟ್’ ಬಂದರೆ ನಂದಿಸು ಎಂದರ್ಥ. ಹೇಳಿಕೆ, ವರದಿಗಳಾದರೆ ಹೊರಡಿಸು. ಕೈಯಾದರೆ ಚಾಚು. ಭುಜವಾದರೆ ಕೀಲು ತಪ್ಪಿದೆ, ಉಳುಕಿದೆ ಎಂದು ತಿಳಿಯಬೇಕು. ವಿದೇಶದಲ್ಲಿ ನರ್ಸ್ ಆಗಿರುವ ಮಗಳು, ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ‘ಪುಟ್ ಔಟ್’ ಮಾಡಿದೆವು ಎಂದು ಬರೆದರೆ ಗಾಬರಿಯಾಗಬೇಡಿ. ಆಸ್ಪತ್ರೆಯಿಂದ ಹೊರದಬ್ಬಿದ್ದಲ್ಲ, ಅರಿವಳಿಕೆ ಕೊಟ್ಟು ಮಲಗಿಸಿದ್ದು!

ನಿಜವಾದ ಅಪಾಯವಿರುವುದು ವ್ಯಕ್ತಿಗಳ ವಿಷಯದಲ್ಲಿ. ಪೂಜೆಯ ಸಮಯ ಬದಲಾದದ್ದಕ್ಕೆ ‘ಫಾದರ್ ವಾಸ್ ಪುಟ್ ಔಟ್’ ಎಂದು ಯಾರೋ ಬರೆಯುತ್ತಾರೆ ಎನ್ನೋಣ. ಫಾದರಿಗೆ ತುಸು ಬೇಸರವಾಯಿತು, ಅಷ್ಟೆ. ನಿಘಂಟಿನ ಮೊದಲ ಸಾಲನ್ನೇ ನಂಬಿ ‘ಫಾದರನ್ನು ಹೊರಹಾಕಲಾಯಿತು’ ಎಂದು ಅಚ್ಚಾದರೆ, ಭಾನುವಾರ ಚರ್ಚಿನ ಅಂಗಳದಲ್ಲಿ ಬೇರೆ ಮಾತೇ ಇರುವುದಿಲ್ಲ. ಅತಿಥಿಗಳು ‘ಡೋಂಟ್ ಪುಟ್ ಯುವರ್‌ಸೆಲ್ಫ್ ಔಟ್’ ಎಂದರೆ, ನಮಗಾಗಿ ತೊಂದರೆ ತೆಗೆದುಕೊಳ್ಳಬೇಡಿ ಎಂಬ ಸೌಜನ್ಯ.

ಕರಾವಳಿಯ ನಮಗೆ ಹತ್ತಿರದ ಅರ್ಥ ಇನ್ನೊಂದಿದೆ: ದೋಣಿ ದಡ ಬಿಟ್ಟು ಕಡಲಿಗಿಳಿಯುವುದು. ಇಲ್ಲಿ ಏನನ್ನು ಎಂಬ ಪ್ರಶ್ನೆಗೆ ಉತ್ತರ ಬೇಕಿಲ್ಲ. ಬೆಂಕಿಯಾದರೆ ‘ಪುಟ್ ಇಟ್ ಔಟ್’ ಎಂದು ನಡುವೆ ‘ಇಟ್’ ಸೇರಿಸಬಹುದು. ದಡ ಬಿಟ್ಟು ಹೊರಡುವ ಅರ್ಥದಲ್ಲಿ ಸೇರಿಸಲಾಗದು. ಅರ್ಥ ಬೇರ್ಪಡಿಸಲು ನಾವು ಮೊದಲು ನೋಡುವುದು ಇದನ್ನೇ.

ಈ ಎರಡೂ ಅರ್ಥಗಳು ಒಂದೇ ಬೈಬಲಿನಲ್ಲಿ ಸಿಗುತ್ತವೆ. 1984ರ ‘ನ್ಯೂ ಇಂಟರ್‌ನ್ಯಾಷನಲ್ ವರ್ಶನ್’ ಭಾಷಾಂತರದಲ್ಲಿ, ಲೂಕ 5:4ರಲ್ಲಿ ಯೇಸು ಸಿಮೋನನಿಗೆ ಆಳವಾದ ನೀರಿಗೆ ಹೊರಡಲು ಹೇಳುವಾಗ ಬಳಕೆಯಾದದ್ದು ‘ಪುಟ್ ಔಟ್’. 1 ಥೆಸಲೋನಿಕ 5:19ರಲ್ಲಿ ಆತ್ಮನ ಬೆಂಕಿಯನ್ನು ಆರಿಸಬೇಡಿರಿ ಎನ್ನುವಲ್ಲೂ ಅದೇ ‘ಪುಟ್ ಔಟ್’. ಒಂದು ಹೊರಡಲು ಅಪ್ಪಣೆ, ಇನ್ನೊಂದು ನಂದಿಸದಂತೆ ಎಚ್ಚರಿಕೆ. 2011ರ ಪರಿಷ್ಕರಣೆಯಲ್ಲಿ ಎರಡನೆಯದನ್ನು ಬದಲಿಸಿ, 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿದ್ದ ‘ಕ್ವೆಂಚ್’ ಎಂಬ ಪದವನ್ನು ತಂದಿದ್ದಾರೆ. ದೋಣಿಯ ‘ಪುಟ್ ಔಟ್’ ಮಾತ್ರ ಹಾಗೇ ಉಳಿದಿದೆ.