ಕತ್ತಲಲ್ಲಿ ಐಎಸ್‌ಒಗೆ ಅಂಜಬೇಕಿಲ್ಲ

ರಾತ್ರಿ ಯಕ್ಷಗಾನದ ಫೋಟೊ ತೆಗೆಯುವಾಗ ಹಲವರಿಗೆ ದೊಡ್ಡ ಭಯ ಐಎಸ್‌ಒದ್ದು. ಅದನ್ನು 800ಕ್ಕೇ ಕಟ್ಟಿಹಾಕಿ, ಶಟರ್ ವೇಗವನ್ನು ಸೆಕೆಂಡಿನ 1/30ಕ್ಕೆ ಇಳಿಸುತ್ತಾರೆ. ಆಗ ಹಿಂದಿನ ಪರದೆ ಸ್ಪಷ್ಟ, ಗಿರಕಿ ಹೊಡೆಯುವ ವೇಷ ಮಾತ್ರ ಕಲಸಿದ ಬಣ್ಣ. ಚಿತ್ರದಲ್ಲಿ ಮೂಡುವ ನಾಯ್ಸ್ ಎಂಬ ಚುಕ್ಕೆಗಳಿಗೆ ಮುಖ್ಯ ಕಾರಣ ಸೆನ್ಸರಿಗೆ ಬಿದ್ದ ಬೆಳಕಿನ ಕೊರತೆಯೇ ಹೊರತು ಐಎಸ್‌ಒ ಸಂಖ್ಯೆಯಲ್ಲ. ಚುಕ್ಕೆಗಳನ್ನು ಆಮೇಲೆ ತಕ್ಕಮಟ್ಟಿಗೆ ತಗ್ಗಿಸಬಹುದು. ಚಲನೆಯಲ್ಲಿ ಕಳೆದುಹೋದ ಕಣ್ಣಿನ ರೇಖೆಯನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿಸದು. ಆದ್ದರಿಂದ ಕುಣಿತಕ್ಕೆ 1/500, ಮಾತುಗಾರಿಕೆಯ ಹೊತ್ತಿಗೆ 1/125ರ ಆಸುಪಾಸು ಹಿಡಿದು, ಐಎಸ್‌ಒ 6400ಕ್ಕೆ ಏರಿದರೆ ಏರಲಿ. ಹಣ ಹಾಕುವುದಿದ್ದರೆ ಲೆನ್ಸಿಗೆ ಹಾಕಿ: ಎಫ್ 4ಕ್ಕಿಂತ ಎಫ್ 1.8 ಸುಮಾರು ಐದು ಪಟ್ಟು ಬೆಳಕು ಒಳಬಿಡುತ್ತದೆ.

ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕಂಪನ ತಡೆಯುವ ವ್ಯವಸ್ಥೆ ಇರುತ್ತದಲ್ಲ ಎನ್ನಬಹುದು. ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಕಲಾವಿದರ ಹೆಜ್ಜೆಯನ್ನಲ್ಲ. ನಿಜವಾದ ಲಾಭವೆಂದರೆ ಕಣ್ಣನ್ನು ಹುಡುಕಿ ಹಿಡಿಯುವ ಫೋಕಸ್; ದಪ್ಪ ಬಣ್ಣಗಾರಿಕೆಯೆದುರು ಅದೂ ತಡವರಿಸೀತು, ಆ ಮಾತು ಬೇರೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಎಲ್‌ಇಡಿ ದೀಪಗಳಡಿ ಪಟ್ಟೆಗಳನ್ನು ಮೂಡಿಸಬಹುದು. ಅಲ್ಲಿ ಮೆಕ್ಯಾನಿಕಲ್ ಶಟರೇ ವಾಸಿ.

ಕತ್ತಲಾಗಿ ತೆಗೆದರೇನು, ಎಡಿಟಿಂಗ್‌ನಲ್ಲಿ ಬೆಳಗಿಸಿದರಾಯಿತು ಎಂಬ ವಾದ ಅರ್ಧಸತ್ಯ. ಬೆಳಕೇ ಕಡಿಮೆ ಬಿದ್ದಿದ್ದರೆ ನೆರಳನ್ನು ಎತ್ತಿದಂತೆ ಚುಕ್ಕೆಗಳೂ ಎದ್ದುಬರುತ್ತವೆ. ರಾ ಕಡತದಲ್ಲಿ ಮೊದಲು ನಾಯ್ಸ್ ತಗ್ಗಿಸಿ, ಶಾರ್ಪನಿಂಗನ್ನು ಕಣ್ಣು, ಕಿರೀಟದ ಅಂಚುಗಳಿಗಷ್ಟೇ ಕೊಡುವುದು ಲೇಸು. ಮುಖವರ್ಣಿಕೆಯ ಗೆರೆಗಳು ಮೇಣದಂತೆ ನುಣುಪಾಗತೊಡಗಿದರೆ ನಾಯ್ಸ್ ಸ್ಲೈಡರನ್ನು ಹಿಂದಕ್ಕೆಳೆಯಬೇಕು.