ಹುಳಿ, ಬೂದಿ, ಅಂಟುವಾಳ

ನೀರು ತುಂಬುವ ಹಬ್ಬದ ದಿನ ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲದ ಹಂಡೆಗೆ ಸಲ್ಲುವ ಮರ್ಯಾದೆ ಮಿಕ್ಕ ದಿನಗಳಲ್ಲಿ ಅದಕ್ಕೆ ಸಲ್ಲುವುದಿಲ್ಲ. ವರ್ಷವೆಲ್ಲ ಹೊಗೆಯುಂಡು ಕರ್ರಗೆ ಕುಳಿತ ತಾಮ್ರದ ಹಂಡೆಯನ್ನು ಅಂದು ಅಂಗಳಕ್ಕೆ ಉರುಳಿಸಿ ತಂದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಥಳಥಳನೆ ಹೊಳೆಯುವಂತೆ ಮಾಡಿ, ಶೇಡಿ ಕೆಮ್ಮಣ್ಣುಗಳ ಪಟ್ಟೆ ಬರೆದು, ಕೊರಳಿಗೆ ಹಿಂಡಲಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಹಾನಗಲ್ಲಿನ ನಮ್ಮ ಮನೆಯಲ್ಲಿ ಹಂಡೆ ತಿಕ್ಕುವ ಕೆಲಸ ಹುಡುಗರದು. ಅವ್ವ ಕಟ್ಟೆಯ ಮೇಲೆ ಕುಳಿತು, ಎಲ್ಲಿ ಕಿಲುಬು ಉಳಿದಿದೆಯೆಂಬುದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಹುಣಸೆಹಣ್ಣು ಏಕೆ, ಬೂದಿ ಏಕೆ, ಎರಡೂ ಏಕೆ ಎಂದು ನಾನು ಆಗ ಕೇಳಲಿಲ್ಲ. ಕೇಳುವ ಪ್ರಸಂಗ ಬಂದದ್ದು ಐವತ್ತು ದಾಟಿದ ಮೇಲೆ, ಹೋದ ವರ್ಷ, ನಮ್ಮ ಮನೆಯವರು ಜಾರಿಬಿದ್ದು ಬಲಗೈ ಮುರಿದುಕೊಂಡು ಆರು ವಾರ ಪಟ್ಟಿ ಕಟ್ಟಿಸಿಕೊಂಡಾಗ. ಮುಸುರೆ ತಿಕ್ಕುವುದರಿಂದ ಹಿಡಿದು ಬಚ್ಚಲು ತೊಳೆಯುವವರೆಗಿನ ಸಮಸ್ತ ಅಧಿಕಾರವೂ ಆಗ ನನ್ನ ಪಾಲಿಗೆ ಬಂದಿತು.

ಕನ್ನಡ ಪಂಡಿತನಾದ ನನಗೆ ರಸಾಯನ ಶಾಸ್ತ್ರ ಪರಕೀಯ. ಆದರೆ ಶಾಲೆಯ ವಿಜ್ಞಾನದ ಮಾಸ್ತರರ ಬೆನ್ನುಹತ್ತಿ ತಿಳಿದುಕೊಂಡಮೇಲೆ, ಅಡಿಗೆಮನೆಯ ಶುಚಿಕಾರ್ಯವೆಲ್ಲ ಬಹುತೇಕ ಎರಡು ಪದಗಳಲ್ಲಿ ಅಡಗಿದೆಯೆಂದು ಕಂಡಿತು: ಹುಳಿ ಮತ್ತು ಕ್ಷಾರ. ಹಳಗನ್ನಡದ ‘ಪುಳಿ’ಯೇ ಇಂದಿನ ಹುಳಿ, ‘ಪುಣಿಸೆ’ಯೇ ಹುಣಸೆ. ಇನ್ನು ಸಂಸ್ಕೃತದ ಕ್ಷಾರ ನಮ್ಮಲ್ಲಿ ತದ್ಭವವಾಗಿ ‘ಖಾರ’ವಾಯಿತು, ಸವಣೂರಿನ ಖಾರಾ ತಿನ್ನುವಾಗ ಆ ಶಬ್ದದ ಮೂಲ ಬೂದಿಯ ಉಪ್ಪು ಎಂದು ಯಾರೂ ನೆನೆಯುವುದಿಲ್ಲ. ಹುಳಿಯು ಲೋಹದ ಮೇಲಿನ ಕಿಲುಬನ್ನೂ ನೀರಿನ ಸುಣ್ಣವನ್ನೂ ಕರಗಿಸುತ್ತದೆ. ಕ್ಷಾರವು ಎಣ್ಣೆ ಜಿಡ್ಡುಗಳನ್ನು ಬಿಡಿಸುತ್ತದೆ. ಯಾವ ಕೊಳೆಗೆ ಯಾವುದು ಎಂದು ತಿಳಿದರೆ ಅರ್ಧ ಶ್ರಮ ಉಳಿಯಿತು.

ತಾಮ್ರ ಹಿತ್ತಾಳೆಗಳನ್ನು ಮೊದಲು ತೆಗೆದುಕೊಳ್ಳೋಣ. ಗಾಳಿ ತೇವಗಳು ತಗಲಿ ತಾಮ್ರದ ಮೈಮೇಲೆ ಕಟ್ಟುವ ಕಂದು ಹಸಿರು ಪೊರೆ ನೀರಿನಲ್ಲಿ ಕರಗುವುದಿಲ್ಲ, ಸಾಬೂನಿಗೂ ಜಗ್ಗುವುದಿಲ್ಲ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ, ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಅದನ್ನು ಕರಗಿಸಿಬಿಡುತ್ತವೆ. ಲಿಂಬೆಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಚಿಟಿಕೆ ಉಪ್ಪು ಬೆರೆಸಿ ತಿಕ್ಕಿದರೆ ಎರಡು ಕೊಡಗಳಿಗೆ ಸಾಕು. ಪಲ್ಯಕ್ಕೆ ಬಾರದ ಹಳೆಯ ಕರಿ ಹುಣಸೆ ಇದಕ್ಕೆ ಉತ್ತಮ. ಹೊಸ ಹಣ್ಣನ್ನು ವ್ಯರ್ಥ ಮಾಡಬೇಕಾದದ್ದಿಲ್ಲ. ಆದರೆ ಹಿತ್ತಾಳೆಯ ವಿಷಯದಲ್ಲಿ ಒಂದು ಎಚ್ಚರ. ಹಿತ್ತಾಳೆಯೆಂದರೆ ತಾಮ್ರ ಸತುಗಳ ಬೆರಕೆ. ಹುಳಿಯನ್ನು ಬಹಳ ಹೊತ್ತು ಬಿಟ್ಟರೆ ಸತುವು ಮೊದಲು ಕರಗಿ ಹೋಗಿ, ದೇವರ ಸಮೆ ಹಳದಿಯಾಗಿ ಹೊಳೆಯುವುದರ ಬದಲು ಕೆಂಪಗೆ ಕಾಣತೊಡಗುತ್ತದೆ. ಆದ್ದರಿಂದ ಹುಳಿ ಹಚ್ಚಿ ತಿಕ್ಕಿದ ಕೂಡಲೆ ತೊಳೆದು, ಬೂದಿಯನ್ನೋ ಕಡಲೆಹಿಟ್ಟನ್ನೋ ಹಚ್ಚಿ ಉಜ್ಜಿ, ಅರಿವೆಯಿಂದ ಒಣಗಿಸಿ ಒರೆಸಬೇಕು. ಹುಳಿಯ ಅಂಶ ಉಳಿದರೆ ಮರುದಿನವೇ ಮತ್ತೆ ಕಪ್ಪು ಹತ್ತುತ್ತದೆ. ಅವ್ವ ಹುಣಸೆಯ ಮೇಲೆ ಬೂದಿ ಹಾಕಿಸುತ್ತಿದ್ದುದರ ಗುಟ್ಟು ಇದು: ಬೂದಿ ಹುಳಿಯನ್ನು ಕೊಂದು ಮೈಯನ್ನು ನುಣುಪು ಮಾಡುತ್ತಿತ್ತು.

ಹುಣಸೆಯ ಮಾತು ಬಂತೆಂದು ಒಂದು ಅಡ್ಡಮಾತು. ಸವಣೂರು ನಮ್ಮ ಮನೆಯವರ ತವರು. ಅಲ್ಲಿಯ ಕಲ್ಮಠದ ಆವರಣದಲ್ಲಿ ಆನೆಯ ಮೈಯಂಥ ಬೊಡ್ಡೆಯ ಮೂರು ಪುರಾತನ ವೃಕ್ಷಗಳಿದ್ದುದರಿಂದ ಮಠಕ್ಕೇ ದೊಡ್ಡಹುಣಸೆ ಕಲ್ಮಠವೆಂದು ಹೆಸರಾಯಿತು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಹೆಸರು ದೊಡ್ಡಹುಣಸೆಯಾದರೂ ಅವು ಹುಣಸೆಯ ಜಾತಿಯಲ್ಲ, ಆಫ್ರಿಕದ ಬೇವೊಬಾಬ್ ವೃಕ್ಷಗಳು. ಕಾಯೊಳಗಿನ ತಿರುಳು ಹುಳಿಯಾಗಿರುವುದರಿಂದ ಜನ ಹೀಗೆ ಕರೆದಿರಬೇಕು. ವಿನೋದವೆಂದರೆ, ಅರಬರು ‘ಹಿಂದದ ಖರ್ಜೂರ’ವೆಂದು ಕರೆದ ನಮ್ಮ ನಿಜವಾದ ಹುಣಸೆಯ ಮೂಲವೂ ಆಫ್ರಿಕವೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಎರಡೂ ಹುಣಸೆಗಳು ಒಂದೇ ಖಂಡದಿಂದ ಬಂದ ಬೀಗರು!

ಇನ್ನು ಬೂದಿ. ಕಟ್ಟಿಗೆ, ಜೋಳದ ದಂಟು, ಕುಳ್ಳುಗಳ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ. ಜಿಡ್ಡಿನ ಪಾತ್ರೆಗೆ ಹಸಿ ಬೂದಿ ಹಚ್ಚಿ ತಿಕ್ಕಿದಾಗ ಜಿಡ್ಡಿನ ಒಂದಂಶ ಅಲ್ಲಿಯೇ ಸಾಬೂನಾಗಿ ಮಾರ್ಪಟ್ಟು, ಉಳಿದ ಜಿಡ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಪೊಟ್ಯಾಸಿಯಂ ಎಂಬ ಹೆಸರೇ ಇಂಗ್ಲಿಷಿನ ‘ಪಾಟ್ ಆಶ್’, ಅಂದರೆ ಗಡಿಗೆಯ ಬೂದಿ, ಎಂಬುದರಿಂದ ಬಂದದ್ದು. 1807ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಆ ಬೂದಿಯ ಕ್ಷಾರದೊಳಗೆ ವಿದ್ಯುತ್ತನ್ನು ಹರಿಸಿ ಲೋಹವನ್ನು ಬೇರ್ಪಡಿಸಿದ. ಹಾನಗಲ್ಲು ಭತ್ತದ ಸೀಮೆಯಾದ್ದರಿಂದ ನಮ್ಮಲ್ಲಿ ಹೊಟ್ಟಿನ ಬೂದಿಯೂ ಬಳಕೆಯಲ್ಲಿತ್ತು. ಅದರ ಗುಣ ಬೇರೆ. ಅದರಲ್ಲಿ ಕ್ಷಾರ ಕಡಿಮೆ, ಮರಳಿನ ಜಾತಿಯ ಸಿಲಿಕ ಹೆಚ್ಚು. ತಳಹತ್ತಿದ ಕಬ್ಬಿಣದ ಬಾಣಲೆಗೆ ಅದು ಸರಿ. ಕನ್ನಡಿಯಂತೆ ಹೊಳೆಯುವ ಸ್ಟೀಲಿಗೂ, ಕರಿ ಲೇಪದ ಹೊಸ ತವೆಗಳಿಗೂ ಹಚ್ಚಿದರೆ ಗೀರು ಬೀಳುವುದು ಖಂಡಿತ. ಕಂದೀಲಿನ ಗಾಜಿಗೆ ಅರಿವೆಯಲ್ಲಿ ಸೋಸಿದ ನುಣುಪು ಬೂದಿಯನ್ನೇ ಹಚ್ಚುತ್ತಿದ್ದರು. ಮುಖ್ಯವಾದ ಮಾತೆಂದರೆ, ಇಂದಿನ ಒಲೆಗಳಲ್ಲಿ ಕಸದ ಜೊತೆ ಪ್ಲಾಸ್ಟಿಕ್ ಚೀಲಗಳೂ ಸುಡುತ್ತವೆ. ಅಂಥ ಬೂದಿಯನ್ನು ಉಣ್ಣುವ ಪಾತ್ರೆಗೆ ಮುಟ್ಟಿಸಲೇಕೂಡದು. ಶುದ್ಧ ಕಟ್ಟಿಗೆಯ ಬೂದಿ ಸಿಗದ ಪೇಟೆಯ ಮನೆಗಳವರು ಅಡಿಗೆ ಸೋಡಾವನ್ನು ಆ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು. ಅದು ಸೌಮ್ಯವಾದ ಕ್ಷಾರ. ಆದರೆ ‘ಜರ್ಮನ್’ ಎಂದು ನಾವು ಕರೆಯುವ ಅಲ್ಯುಮಿನಿಯಂ ಪಾತ್ರೆಗೆ ಬೂದಿಯಾಗಲಿ ಸೋಡಾ ಆಗಲಿ ಬೇಡ, ಕಪ್ಪಿಡುತ್ತದೆ. ಕುಕ್ಕರಿನ ಒಳಗಿನ ಕಪ್ಪಿಗೆ ಹಿಂಡಿದ ಲಿಂಬೆಯ ಸಿಪ್ಪೆಗಳನ್ನು ನೀರಿನಲ್ಲಿ ಹಾಕಿ ಕುದಿಸಿದರೆ ಬೆಳ್ಳಗಾಗುತ್ತದೆ.

ಅಂಟುವಾಳಕಾಯಿಯ ನೊರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದರ ಸಿಪ್ಪೆಯಲ್ಲಿ ಸಾಪೊನಿನ್ ಎಂಬ ವಸ್ತುವಿದೆ, ಸೀಗೆಕಾಯಿಯಲ್ಲಿಯೂ ಅದೇ. ರೇಷ್ಮೆ ಉಣ್ಣೆಗಳನ್ನು ಕ್ಷಾರ ತಿನ್ನುತ್ತದೆಯಾದ್ದರಿಂದ, ಇಳಕಲ್ಲ ಸೀರೆಯ ರೇಷ್ಮೆ ಸೆರಗನ್ನು ಹಿರಿಯರು ಅಂಟುವಾಳದ ನೀರಿನಲ್ಲಿಯೇ ಅದ್ದಿ ತೆಗೆಯುತ್ತಿದ್ದುದು ಕೇವಲ ಸಂಪ್ರದಾಯವಲ್ಲ. ಹತ್ತಿಯ ಬಟ್ಟೆಗೆ ಮಾತ್ರ ಮಡಿವಾಳರು ಚೌಳು ಮಣ್ಣಿನ ಕ್ಷಾರವನ್ನು ಬಳಸಿದರು. ನೊರೆಯ ನೀರು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿರಿ, ಉರಿ ತಾಳಲಾಗದು.

ಪೇಟೆಯ ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಕೊಳವೆಬಾವಿಯ ನೀರಿನ ಉಪಚಾರ. ಹಿರೇಕೆರೂರಿನಲ್ಲಿರುವ ನಮ್ಮ ಅಕ್ಕನ ಮನೆಯ ನಲ್ಲಿಗಳೆಲ್ಲ ಸುಣ್ಣ ಬಳಿದಂತೆ ಬಿಳಿದಾಗಿದ್ದವು. ಅದು ನಿಜವಾಗಿಯೂ ಸುಣ್ಣದ ಜಾತಿಯದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಯ ಗಟ್ಟಿ ರಸದಲ್ಲಿ ಅರಿವೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ತಾಸು ಬಿಟ್ಟು ತಿಕ್ಕಿದರೆ ಹೋಯಿತು. ಅಕ್ಕ ಇದರಿಂದ ಹಿಗ್ಗಿ, “ತಮ್ಮಾ, ಇದ ನೀರು ಅಡಿಗಿಮನಿ ಕಟ್ಟೀಗೂ ಹಚ್ಚಲೇನೋ?” ಎಂದಳು. ಪುಣ್ಯಕ್ಕೆ ನಾನು ತಡೆದೆ. ಅವಳ ಕಟ್ಟೆ ಕಡಪಾ ಕಲ್ಲಿನದು, ನೆಲ ಶಹಾಬಾದಿ ಫರಸಿಯದು. ಎರಡೂ ಸುಣ್ಣಕಲ್ಲಿನ ಜಾತಿಗಳೇ. ನಲ್ಲಿಯ ಸುಣ್ಣವನ್ನು ಕರಗಿಸುವ ಹುಳಿ ಕಲ್ಲಿನ ನುಣುಪನ್ನೂ ಕರಗಿಸುತ್ತದೆ. ಅಮೃತಶಿಲೆಗೂ ಇದೇ ಗತಿ. ಕಟ್ಟೆಯ ಮೇಲೆ ಲಿಂಬೆ ಹಿಂಡಿದ ಕಲೆ ಎಷ್ಟು ತಿಕ್ಕಿದರೂ ಹೋಗದಿರುವುದು ಅದು ಕಲೆಯಲ್ಲ, ತಗ್ಗು ಎಂಬ ಕಾರಣದಿಂದ. ಗ್ರಾನೈಟಿಗೆ ಈ ಭಯವಿಲ್ಲ.

ಸೋಡಾ ಮತ್ತು ಹುಳಿಯನ್ನು ಒಟ್ಟಿಗೆ ಸುರಿದು ಬುಸುಬುಸು ನೊರೆಯೇಳಿಸಿ ಹಿಗ್ಗುವ ಒಂದು ಪದ್ಧತಿ ಈಚೆಗೆ ಹಬ್ಬಿದೆ. ಅದು ನೋಟಕ್ಕೆ ಚೆಂದ, ಕೆಲಸಕ್ಕೆ ಸೊನ್ನೆ. ಮಹಾ ಮತ್ತು ಈಶ ಕೂಡಿ ಮಹೇಶವಾದಾಗ ಆಕಾರವೂ ಉಳಿಯುವುದಿಲ್ಲ, ಈಕಾರವೂ ಉಳಿಯುವುದಿಲ್ಲವಷ್ಟೆ. ಇಲ್ಲಿಯೂ ಹುಳಿ ಹೋಯಿತು, ಕ್ಷಾರ ಹೋಯಿತು, ಉಳಿದದ್ದು ಸಪ್ಪೆ ಉಪ್ಪುನೀರು. ಒಂದು ಮುಗಿದು ತೊಳೆದಮೇಲೆ ಇನ್ನೊಂದನ್ನು ಹಾಕಿರಿ.

ಆದರೆ ಎಲ್ಲ ಸಂಧಿಗಳೂ ಇಷ್ಟು ನಿರಪಾಯಕಾರಿಯಲ್ಲ. ನಾನು ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಮುಂದಿನದು.

ಶಿಗ್ಗಾವಿಯ ನಮ್ಮ ಬಾಡಿಗೆಯ ಮನೆಯ ಬಚ್ಚಲು ಇಕ್ಕಟ್ಟಾದದ್ದು, ಒಂದೇ ಕಿಂಡಿ. ನೆಲಕ್ಕೆ ಹಾವಸೆ ಕಟ್ಟಿದೆಯೆಂದು ಒಂದು ರವಿವಾರ ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಉದುರಿಸಿ ನೀರು ಚಿಮುಕಿಸಿದೆ. ಅಂಚಿನಲ್ಲಿ ಸುಣ್ಣದ ಕರೆ ಉಳಿದುದನ್ನು ಕಂಡು, ನನ್ನ ಹೊಸ ವಿದ್ಯೆಯ ಅಭಿಮಾನದಿಂದ, ಒಂದು ತಂಬಿಗೆ ಗಟ್ಟಿ ಹುಣಸೆ ರಸವನ್ನು ಅದರ ಮೇಲೆಯೇ ಸುರಿದು, ಕುಕ್ಕರಗಾಲಿನಲ್ಲಿ ಕುಳಿತು ತಿಕ್ಕತೊಡಗಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಕಣ್ಣು ಮೂಗುಗಳಲ್ಲಿ ಉರಿ, ಗಂಟಲು ಹಿಡಿದಂತಾಗಿ ಕೆಮ್ಮು. ಉಸಿರು ಒಳಗೆ ಹೋಗಲೊಲ್ಲದು. “ಏನ ಮಾಡೀರಿ ಅಲ್ಲೆ? ಮೊದಲ ಹೊರಗ ಬರ್ರಿ!” ಎಂದು ಮನೆಯವರು ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡೇ ಎಡಗೈಯಿಂದ ನನ್ನ ಅಂಗಿ ಹಿಡಿದು ಎಳೆದರು. ಆ ದಿನವೆಲ್ಲ ಕೆಮ್ಮು ನಿಲ್ಲಲಿಲ್ಲ. ಡಾಕ್ಟರರು ಪರೀಕ್ಷಿಸಿ, ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು.

ನಡೆದದ್ದೇನೆಂದರೆ, ಬ್ಲೀಚಿಂಗ್ ಪುಡಿಯೆಂಬುದು ಸುಣ್ಣದಲ್ಲಿ ಕ್ಲೋರಿನ್ ಅನಿಲವನ್ನು ಕಟ್ಟಿಹಾಕಿ ಮಾಡಿದ ವಸ್ತು. ಯಾವುದೇ ಹುಳಿ ತಗಲಿದರೂ ಆ ಕಟ್ಟು ಬಿಚ್ಚಿ ಅನಿಲ ಹೊರಬೀಳುತ್ತದೆ. ಅಂಗಡಿಯ ಆಸಿಡ್ ಆದರೆ ಭರದಿಂದ, ಹುಣಸೆ, ಲಿಂಬೆ, ಶಿರಕಾ ಆದರೆ ಅದಕ್ಕಿಂತ ನಿಧಾನವಾಗಿ, ಬೀಳುವುದಂತೂ ನಿಶ್ಚಯ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿಯೇ ನಿಲ್ಲುತ್ತದೆ, ಅಂದರೆ ಕುಳಿತು ತಿಕ್ಕುವವರ ಮೂಗಿನ ಮಟ್ಟದಲ್ಲಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂದ ಈಪ್ರ್ ಊರಿನ ಬಳಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಸ್ವೀಡನ್ನಿನ ಔಷಧಿ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬವನು 1769ರಲ್ಲಿ ಟಾರ್ಟಾರಿಕ್ ಆಮ್ಲವನ್ನೂ, 1774ರಲ್ಲಿ ಕ್ಲೋರಿನ್ನನ್ನೂ, 1784ರಲ್ಲಿ ಲಿಂಬೆಯ ಆಮ್ಲವನ್ನೂ ಬೇರ್ಪಡಿಸಿದ. ಅವನು ಬೇರೆಬೇರೆ ಸೀಸೆಗಳಲ್ಲಿ ಇಟ್ಟದ್ದನ್ನು ನಾನು ನನ್ನ ಬಚ್ಚಲದಲ್ಲಿ ಕೂಡಿಸಿದ್ದೆ.

ಮನೆಯ ಪದಾರ್ಥವಾದ್ದರಿಂದ ಅಪಾಯವಿಲ್ಲ ಎಂದು ನಂಬಿದ್ದೇ ನನ್ನ ತಪ್ಪು. ಬ್ಲೀಚಿಂಗ್ ಪುಡಿ ಬಳಸಿದ ದಿನ ಬೇರೆ ಏನನ್ನೂ ಬಳಸಬೇಡಿರಿ. ಕಿಂಡಿ ಬಾಗಿಲು ತೆರೆದಿಟ್ಟು, ನೀರಿನಿಂದ ಪೂರ್ತಿ ತೊಳೆದು, ಹುಳಿಯ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳಿರಿ. ಒಂದು ವೇಳೆ ಘಾಟು ಎದ್ದರೆ ತೊಳೆಯುತ್ತ ನಿಲ್ಲದೆ ಮೊದಲು ಬಯಲಿಗೆ ಬರಬೇಕು. ಕೆಮ್ಮು, ಉಸಿರಾಟದ ತೊಂದರೆ ಕೆಲವು ತಾಸುಗಳ ಮೇಲೆ ಹೆಚ್ಚುವುದೂ ಉಂಟಾದ್ದರಿಂದ ಡಾಕ್ಟರರಿಗೆ ತೋರಿಸದೆ ಇರಕೂಡದು.

ಹಾಗೆಂದು ಬ್ಲೀಚಿಂಗ್ ಪುಡಿಯನ್ನು ಮನೆಯಿಂದ ಹೊರಗಟ್ಟಬೇಕೆಂದು ನಾನು ಹೇಳಲಾರೆ. ಹುಣಸೆ, ಬೂದಿ, ಅಂಟುವಾಳ ಕೊಳೆಯನ್ನು ತೆಗೆಯುತ್ತವೆ. ವಾಂತಿಭೇದಿಯ ರೋಗಾಣುಗಳನ್ನು ಕೊಲ್ಲಲು ಅವನ್ನು ನೆಚ್ಚುವಂತಿಲ್ಲ. ಮನೆಯಲ್ಲಿ ಅಂಥ ಬೇನೆ ಬಿದ್ದಾಗ ಪಾಯಖಾನೆಗೆ ಕ್ಲೋರಿನ್ನೇ ಬೇಕು, ಕುಡಿಯುವ ನೀರಿಗೆ ಕುದಿಸುವಿಕೆಯೇ ಬೇಕು. ಸೆಗಣಿಯಿಂದ ಸಾರಿಸಿದ ನೆಲ ಧೂಳು ಏಳದಂತೆ ಹಿಡಿಯುತ್ತದೆ, ನಿಜ. ಆದರೆ ಸೆಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳು ಇರಬಲ್ಲವು. ಬಾಣಂತಿ ಕೂಸುಗಳ ಕೋಣೆಗೂ, ಗಾಯವಾದ ಕಾಲಿಗೂ ಅದನ್ನು ಮುಟ್ಟಿಸಬಾರದು.

ಕೊನೆಯದಾಗಿ ಅಂಟುವಾಳದ ನೀರನ್ನು ಮಾಡುವ ಬಗೆ. ಹತ್ತು ಕಾಯಿಗಳನ್ನು ಒಡೆದು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನಾಲ್ಕು ಲೋಟ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಕಿವುಚಿ ಸೋಸಿರಿ. ಸ್ಟೀಲಿನ ಪಾತ್ರೆಗೂ, ಒರೆಸುವ ನೆಲಕ್ಕೂ ಅದು ಆದೀತು. ಕಡಪಾ ಕಲ್ಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಹಚ್ಚಿ ಕೂಡಲೆ ಒರೆಸಿರಿ. ಎರಡು ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಹಳಸಿ ನಾರುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಬೇಕು. ಮತ್ತು ಅದನ್ನು ಶರಬತ್ತಿನ ಖಾಲಿ ಬಾಟಲಿಯಲ್ಲಿ ತುಂಬಿಡಬೇಡಿರಿ. ಬಣ್ಣ ನೋಡಿ ಮಕ್ಕಳು ಕುಡಿದಾರು. ತೆಗೆದಿಟ್ಟ ಕರಿ ಬೀಜಗಳು ಅಳಗುಳಿಮಣೆಗೆ ಬರುತ್ತವೆ, ಅವನ್ನು ಬೇಕಾದರೆ ಮಕ್ಕಳಿಗೆ ಕೊಡಿರಿ.