ಪಂಪ್ ಇದ್ದರೆ ಸಾಲದು, ಪಾಠವೂ ಬೇಕು

ಸಕ್ಕರೆ ನಾಡಿನಲ್ಲಿ ಹುಟ್ಟಿದವರಿಗೆ ‘ಶುಗರ್’ ಎಂಬ ಮಾತು ಹೊಸದೇನಲ್ಲ. ಅಪ್ಪನಿಗೆ ಶುಗರ್, ಅಜ್ಜಿಗೆ ಶುಗರ್, ಬೆಳಿಗ್ಗೆ ವಾಕಿಂಗು, ಕಾಫಿಗೆ ಸಕ್ಕರೆ ಕಟ್. ಆದರೆ ಹತ್ತು ವರ್ಷದ ಮಗುವಿಗೋ ಪಿಯುಸಿ ಓದುವ ಹುಡುಗಿಗೋ ಶುಗರ್ ಅಂದರೆ ಊರೇ ಬೆಚ್ಚಿಬೀಳುತ್ತದೆ. ‘ಇಷ್ಟು ಚಿಕ್ಕ ವಯಸ್ಸಿಗೇ ಅದೆಂಗೆ ಬಂತು? ಸಿಹಿ ಜಾಸ್ತಿ ತಿನ್ಸಿದ್ರಾ?’ ಎಂಬ ಪ್ರಶ್ನೆ ಮೊದಲು ಬೀಳುವುದು ಅಮ್ಮನ ಮೇಲೆ.

ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಮಾತ್ರೆ, ಪಥ್ಯದಿಂದ ಇದು ನೀಗುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ.

ಅಂದಿನ ದಪ್ಪ ಸೂಜಿಯಿಂದ ಇಂದಿನ ಇನ್ಸುಲಿನ್ ಪಂಪ್‌ವರೆಗೆ ದಾರಿ ಬಹಳ ಸಾಗಿದೆ. ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ‘ಪಂಪ್ ಹಾಕಿಸಿಬಿಡಿ’ ಎಂಬ ಮಾತು ಈಗ ಕೇಳಿಸುತ್ತದೆ. ಯಂತ್ರದ ಬೆಲೆ ಲಕ್ಷಗಳಲ್ಲಿದೆ. ತಿಂಗಳು ತಿಂಗಳು ಬೇಕಾಗುವ ಟ್ಯೂಬು, ಸೆಟ್ಟುಗಳ ಖರ್ಚು ಬೇರೆ. ಅಷ್ಟು ದುಡ್ಡು ಹೊಂದಿಸಿದವರೂ ಒಂದು ವಿಷಯ ಮರೆಯುತ್ತಾರೆ: ಪಂಪ್ ತಂದುಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ. ಉಳಿದರ್ಧ, ಅದನ್ನು ಬಳಸುವವರಿಗೂ ಮನೆಯವರಿಗೂ ಕೂರಿಸಿಕೊಂಡು ಹೇಳಿಕೊಡುವ ಪಾಠ.

ನಾಲೆ ಇದೆ, ಕೆರೆ ಇಲ್ಲ

ಪಂಪ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ವಿಶ್ವೇಶ್ವರಯ್ಯ ನಾಲೆಯ ಲೆಕ್ಕದಲ್ಲೇ ಹೇಳಬಹುದು. ನಾಲೆಯಲ್ಲಿ ಸಣ್ಣಗೆ ನೀರು ಹರಿಯುತ್ತಲೇ ಇರುತ್ತದೆ, ಬೆಳೆಗೆ ಬೇಕಾದಾಗ ತೂಬು ಎತ್ತಿ ಹೆಚ್ಚು ಬಿಡುತ್ತೇವೆ. ಪಂಪ್ ಕೂಡ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಕೂರಿಸಿದ ಸಣ್ಣ ನಳಿಕೆಯ ಮೂಲಕ ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಇದು ‘ಬೇಸಲ್’. ಊಟಕ್ಕೆ ಮೊದಲು ಗುಂಡಿ ಒತ್ತಿ ಹೆಚ್ಚುವರಿ ಬಿಡುವುದು ‘ಬೋಲಸ್’. ಸೆನ್ಸರ್ ಜೋಡಿಸಿದ ಹೊಸ ಪಂಪ್‌ಗಳು ಬೇಸಲ್ ಅನ್ನು ತಾವೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತವೆ. ಆದರೂ ಏನು ಉಂಡಿರಿ, ಎಷ್ಟು ಉಂಡಿರಿ ಎಂದು ನೀವು ಹೇಳಬೇಕು.

ಅಪಾಯ ಇರುವುದೂ ಈ ಹರಿವಿನಲ್ಲೇ. ಇಂಜೆಕ್ಷನ್ ತೆಗೆದುಕೊಳ್ಳುವವರು ದಿನಕ್ಕೊಮ್ಮೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಹಾಕಿಕೊಂಡಿರುತ್ತಾರೆ. ಅದು ಕೆರೆಯಲ್ಲಿ ನಿಂತ ನೀರಿನಂತೆ, ನಾಲೆ ನಿಂತರೂ ಸ್ವಲ್ಪ ಕಾಲ ದೂಡಬಹುದು. ಪಂಪ್‌ನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ. ನಳಿಕೆ ಮಡಚಿಕೊಂಡರೆ, ಗಾಳಿಗುಳ್ಳೆ ಸೇರಿದರೆ, ಬ್ಯಾಟರಿ ಸತ್ತರೆ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಏರಿ ಕೀಟೋನ್ ಶೇಖರವಾಗಲು ಶುರುವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಳ್ಳುತ್ತವೆ. ‘ಅಜೀರ್ಣ ಆಗಿರಬೇಕು, ಬೆಳಿಗ್ಗೆ ನೋಡೋಣ’ ಎಂದು ಮಲಗಿಸಿದರೆ ಪ್ರಾಣಕ್ಕೇ ಕುತ್ತು.

ಶಿವನಸಮುದ್ರಕ್ಕೆ ತಕ್ಕ ಪಾಠ

ಪಂಪ್ ತರಬೇತಿ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ. ಮೊದಲು ಸಕ್ಕರೆ ಅಳೆಯುವುದು, ಊಟದ ಲೆಕ್ಕ. ಆಮೇಲೆ ಯಂತ್ರದ ಗುಂಡಿಗಳು. ಇನ್ಸುಲಿನ್ ಬದಲು ಸಲೈನ್ ತುಂಬಿಸಿ ಕೆಲವು ದಿನ ಅಭ್ಯಾಸ ಮಾಡಿಸುವುದೂ ಉಂಟು. ಪಂಪ್ ಶುರುವಾದ ಮೇಲೆ ಫೋನಿನಲ್ಲಿ ವಿಚಾರಣೆ, ಮತ್ತೆ ಭೇಟಿ. ಈ ಪಾಠವನ್ನು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಹೇಳಿದಂತೆಯೇ ಇಲ್ಲಿನವರಿಗೂ ಹೇಳಿದರೆ ಸಾಲದು. ಶಿವನಸಮುದ್ರದಿಂದ ಬೆಂಗಳೂರಿಗೆ ಸುಮಾರು 130 ಕಿ.ಮೀ. ರಾತ್ರಿ ಎರಡು ಗಂಟೆಗೆ ಪಂಪ್ ಕೂಗಿದರೆ ಕಂಪನಿಯ ಎಂಜಿನಿಯರ್ ಬರುವುದಿಲ್ಲ. ಆಗ ಕೈಹಿಡಿಯುವುದು ಕಲಿತದ್ದು ಮಾತ್ರ.

ಮೊದಲ ಪಾಠ ಮುದ್ದೆಯದು. ತರಬೇತಿಗೆ ಕೊಡುವ ಪಟ್ಟಿಯಲ್ಲಿ ಬ್ರೆಡ್, ಪಾಸ್ತಾ ಇದ್ದರೆ ನಮ್ಮ ಮನೆಗೆ ಅದರಿಂದ ಏನು ಉಪಯೋಗ? ನಮಗೆ ಬೇಕಿರುವುದು ರಾಗಿಯ ಲೆಕ್ಕ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಉದಾಹರಣೆಗೆ, 300 ಗ್ರಾಂ ಹಿಟ್ಟಿನಿಂದ ಒಂದು ಕೆ.ಜಿ. ಮುದ್ದೆಯಾಯಿತು ಅಂದುಕೊಳ್ಳಿ. ಒಟ್ಟು ಕಾರ್ಬೊಹೈಡ್ರೇಟ್ ಸುಮಾರು 200 ಗ್ರಾಂ. 250 ಗ್ರಾಂ ತೂಗುವ ಒಂದು ಮುದ್ದೆಯಲ್ಲಿ 50 ಗ್ರಾಂ. ಹತ್ತು ಗ್ರಾಂಗೆ ಒಂದು ಯೂನಿಟ್ ಎಂದು ವೈದ್ಯರು ಹೇಳಿದ್ದರೆ ಆ ಮುದ್ದೆಗೆ ಐದು ಯೂನಿಟ್. ಈ ಅನುಪಾತ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ವೈದ್ಯರೇ ಹೇಳಬೇಕು. ಆದರೆ ಮುದ್ದೆ ಕಟ್ಟುವ ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ತೂಕ ಮಾಡಿ ತೋರಿಸಿದರೆ, ಆಮೇಲೆ ಅವರ ಕೈಯೇ ತಕ್ಕಡಿ.

ಎರಡನೆಯದು ಸಿರಿಂಜಿನ ಪಾಠ. ಇದು ಜೀವದ ಪ್ರಶ್ನೆ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ವಯಲ್‌ನಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಪಂಪ್ ಮತ್ತು ಪೆನ್‌ಗೆ ಬಳಸುವುದು ಮಿ.ಲೀ.ಗೆ 100 ಯೂನಿಟ್‌ನದು. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಪಂಪ್ ಕೆಟ್ಟ ರಾತ್ರಿ ಗಾಬರಿಯಲ್ಲಿ ಪಂಪ್‌ನ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 10 ಅಲ್ಲ, 25 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅದೇ 40ರ ಇನ್ಸುಲಿನ್ ಅನ್ನು ಪಂಪ್‌ಗೆ ತುಂಬಿಸಿದರೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಸೇರುತ್ತದೆ. ಹೀಗಾಗಿ ಪಂಪ್ ಇದ್ದವರ ಮನೆಯಲ್ಲಿ ಒಂದು ಇನ್ಸುಲಿನ್ ಪೆನ್, ಕೀಟೋನ್ ಪಟ್ಟಿ, ವೈದ್ಯರು ಬರೆದುಕೊಟ್ಟ ಡೋಸ್ ಚೀಟಿ ಯಾವಾಗಲೂ ಇರಬೇಕು. ಸಕ್ಕರೆ 250 ದಾಟಿ ಇಳಿಯದಿದ್ದರೆ ಕೀಟೋನ್ ನೋಡಿ, ಪೆನ್ನಿನಿಂದ ಇನ್ಸುಲಿನ್ ತೆಗೆದುಕೊಂಡು, ಸೆಟ್ ಬದಲಿಸಬೇಕು. ವಾಂತಿ ಶುರುವಾದರೆ 108ಕ್ಕೆ ಕರೆ ಮಾಡಬೇಕು.

ಮೂರನೆಯದು ಬೆವರು, ಬಿಸಿಲು, ಕರೆಂಟಿನ ಪಾಠ. ನಳಿಕೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು, ಜಾಗವನ್ನೂ ಬದಲಿಸಬೇಕು. ಗದ್ದೆ ಕೆಲಸದಲ್ಲಿ ಬೆವರಿದರೆ ಅಂಟುಪಟ್ಟಿ ಕಳಚಿಕೊಳ್ಳುತ್ತದೆ. ಹೊಳೆಯಲ್ಲಿ ಈಜಲು ಪಂಪ್ ಬಿಚ್ಚಿಟ್ಟರೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು, ಬಂಡೆಯ ಮೇಲೆ ಬಿಸಿಲಿಗೆ ಇಡಲೂಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕರೆಂಟ್ ಹೋಗುವ ಕಡೆ, ಫ್ರಿಜ್ ಇಲ್ಲದ ಕಡೆ, ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿಸುವ ಹಳೆಯ ಉಪಾಯ ಬಿಸಿಲಿನ ದೇಶಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇನ್ನು ನಾಲ್ಕನೆಯದು ಸಕ್ಕರೆಯದ್ದೇ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಕೂಡಲೇ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ‘ಶುಗರ್ ಇರೋರು ಸಕ್ಕರೆ ತಿಂತಾರಾ?’ ಎಂದು ಕೈಯಿಂದ ಕಿತ್ತುಕೊಳ್ಳುವ ನೆಂಟರಿಗೂ ಈ ಪಾಠ ತಲುಪಬೇಕು. ಹಾಸ್ಟೆಲಿನ ರೂಮ್‌ಮೇಟ್‌ಗಂತೂ ತಲುಪಲೇಬೇಕು.

ಪಂಪ್ ಮೇಲೋ, ಪಾಠ ಮೇಲೋ?

ರೋಗಿಗೇ ಕಲಿಸುವ ಯೋಚನೆ ಇನ್ಸುಲಿನ್‌ಗಿಂತ ಹಳೆಯದು. ಬಾಸ್ಟನ್‌ನ ವೈದ್ಯ ಎಲಿಯಟ್ ಜೋಸ್ಲಿನ್ 1918ರಲ್ಲೇ ರೋಗಿಗಳೂ ಓದುವಂಥ ಮಧುಮೇಹ ಕೈಪಿಡಿ ಬರೆದಿದ್ದರು. ಮುಂದೆ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಐದು ದಿನದ ತರಗತಿಗಳು ನಡೆದವು. ಅದೇ ಮಾದರಿಯಲ್ಲಿ ಬ್ರಿಟನ್ ‘ಡ್ಯಾಫ್ನೆ’ ಎಂಬ ಕೋರ್ಸ್ ರೂಪಿಸಿತು. ಇಷ್ಟವಾದದ್ದನ್ನು ಉಂಡು, ಅದಕ್ಕೆ ತಕ್ಕಂತೆ ಇನ್ಸುಲಿನ್ ಲೆಕ್ಕ ಹಾಕಲು ಕಲಿಸುವುದು ಅದರ ತಿರುಳು. ಸಕ್ಕರೆಯ ಹತೋಟಿಯ ಜೊತೆ ಜೀವನದ ನೆಮ್ಮದಿಯೂ ಸುಧಾರಿಸಿತು ಎಂದು 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

2017ರಲ್ಲಿ ಬಂದ ಇನ್ನೊಂದು ಬ್ರಿಟಿಷ್ ಅಧ್ಯಯನವನ್ನು ನಾವು ಗಮನವಿಟ್ಟು ಓದಬೇಕು. ಅದರ ಹೆಸರು ರಿಪೋಸ್. ಎಲ್ಲರಿಗೂ ಇದೇ ಪಾಠ ಹೇಳಿ, ಅರ್ಧದಷ್ಟು ಜನರಿಗೆ ಪಂಪ್, ಉಳಿದವರಿಗೆ ಇಂಜೆಕ್ಷನ್ ಕೊಟ್ಟು ಎರಡು ವರ್ಷ ನೋಡಿದರು. ಎರಡೂ ಗುಂಪಿನಲ್ಲಿ ಸಕ್ಕರೆ ಸುಧಾರಿಸಿತ್ತು. ಪಂಪ್‌ನವರಿಗೆ ಕೆಲವು ಅನುಕೂಲಗಳು ಕಂಡರೂ ಸಕ್ಕರೆಯ ಹತೋಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಲಾಭದ ಬಹುಪಾಲು ಬಂದದ್ದು ಪಾಠದಿಂದ!

ಪಂಪ್ ಕೊಳ್ಳಲಾಗದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಯಂತ್ರಕ್ಕಾಗಿ ಜಮೀನು ಅಡವಿಡುವ ಮುನ್ನ ಪಾಠ ಕೇಳಬಹುದು. ಪಂಪ್ ಬೇಡವೆಂದಲ್ಲ. ಪಾಠವಿಲ್ಲದ ಪಂಪ್‌ಗಿಂತ ಪಾಠ ಇರುವ ಸಿರಿಂಜೇ ಮೇಲು ಎಂದಷ್ಟೇ.

ನಮ್ಮ ಕೆಲಸವೂ ಹೌದು

ಈ ಪುಟ ಓದುವ ನಮಗೂ ಇದಕ್ಕೂ ಎರಡು ಕಡೆಯಿಂದ ಸಂಬಂಧವಿದೆ.

ಮೊದಲನೆಯದು ಪರೀಕ್ಷಾ ಕೊಠಡಿ. ಎಲೆಕ್ಟ್ರಾನಿಕ್ ಉಪಕರಣ ನಿಷೇಧಿಸುವ ಪರೀಕ್ಷೆಗೆ ಸೊಂಟದಲ್ಲಿ ಪಂಪ್ ಇರುವ ಅಭ್ಯರ್ಥಿ ಬಂದರೆ ಬಾಗಿಲಲ್ಲೇ ಜಗಳ ಶುರುವಾಗಬಹುದು. ಟೈಪ್ 1 ಇರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಗೆ ತಿಂಡಿ, ಗ್ಲೂಕೋಸ್ ಒಯ್ಯಲು ಸಿಬಿಎಸ್‌ಇ 2017ರಲ್ಲಿ ಅವಕಾಶ ಕೊಟ್ಟಿತು. ಜೆಇಇ ಮೇನ್‌ನಲ್ಲೂ ಮಧುಮೇಹಿಗಳು ಸಕ್ಕರೆ ಮಾತ್ರೆ, ಹಣ್ಣು ಒಯ್ಯಬಹುದು. ಪಂಪ್ ಇರುವವರು ಅರ್ಜಿ ಹಾಕುವಾಗಲೇ ವೈದ್ಯರ ಪತ್ರದೊಂದಿಗೆ ಲಿಖಿತ ಅನುಮತಿ ಕೇಳುವುದು ಒಳ್ಳೆಯದು. ಈ ಅರ್ಜಿ ಬರೆಯುವುದನ್ನೂ ತರಬೇತಿಯಲ್ಲೇ ಕಲಿಸಬೇಕು.

ಎರಡನೆಯದು ಉದ್ಯೋಗ. ಈ ಪಾಠವನ್ನು ಹೇಳುವವರಿಗೆ ‘ಡಯಾಬಿಟಿಸ್ ಎಜುಕೇಟರ್’ ಎನ್ನುತ್ತಾರೆ. ನರ್ಸಿಂಗ್, ಆಹಾರ ವಿಜ್ಞಾನ, ಫಾರ್ಮಸಿ ಓದಿದವರು ಇದರ ತರಬೇತಿ ಪಡೆಯಬಹುದು. ರಾಷ್ಟ್ರೀಯ ಕಾರ್ಯಕ್ರಮದಡಿ ನಡೆಯುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆಗೂ ಜಾಗವಿದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಟೈಪ್ 1 ಮಧುಮೇಹಕ್ಕಾಗಿ ಐಸಿಎಂಆರ್ 2022ರಲ್ಲಿ ಮಾರ್ಗಸೂಚಿಯನ್ನೂ ಹೊರತಂದಿದೆ. ಇವೆಲ್ಲ ಇದ್ದರೂ, ಪಂಪ್‌ನ ಪರದೆಯ ಮೇಲಿನ ಇಂಗ್ಲಿಷ್ ಎಚ್ಚರಿಕೆಯನ್ನು ಬಿಡಿಸಿ, ‘ಅಜ್ಜಿ, ಇದು ಹಿಂಗೆ ಕೂಗಿದ್ರೆ ಪೈಪು ಕಟ್ಟಿದೆ ಅಂತ, ತಡ ಮಾಡಬೇಡಿ’ ಎಂದು ನಮ್ಮ ಮಾತಿನಲ್ಲಿ ಹೇಳುವವರು ಬೇಕು. ಮುದ್ದೆ, ಬಸ್ಸಾರು ಉಂಡು ಬೆಳೆದವರಿಗಿಂತ ಈ ಕೆಲಸಕ್ಕೆ ತಕ್ಕವರು ಯಾರು?

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿ ತಲುಪಿತ್ತು. ಇಂದು ಒಂದು ವಿಡಿಯೊ ಕರೆಗೆ ಆ ದೂರ ಲೆಕ್ಕವೇ ಅಲ್ಲ. ಬೆಂಗಳೂರಿನ ವೈದ್ಯರ ಅರಿವು ಬ್ಲಫ್‌ನ ಒಂದು ಮನೆಗೆ ಬರಲು ತಂತಿ, ಕಂಬ ಬೇಡ. ಅದನ್ನು ಕನ್ನಡದಲ್ಲಿ ಹೇಳಿಕೊಡುವ ಒಬ್ಬರು ಬೇಕು. ನವೆಂಬರ್ 14 ನಮಗೆ ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದ ಫ್ರೆಡೆರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ, ಹಾಗಾಗಿ ವಿಶ್ವ ಮಧುಮೇಹ ದಿನವೂ ಹೌದು. ಈ ಸಲ ನಿಮ್ಮ ಕಾಲೇಜಿನಲ್ಲಿ ಆ ದಿನ ಜಾಥಾ, ಭಾಷಣದ ಬದಲು ಒಂದು ತಕ್ಕಡಿ, ಒಂದು ಮುದ್ದೆ, ಎರಡು ಬಣ್ಣದ ಸಿರಿಂಜು ಇಟ್ಟುಕೊಂಡು ಒಂದು ಗಂಟೆಯ ಪಾಠ ಏರ್ಪಡಿಸಿ ನೋಡಿ.